ಚಿಕ್ಕನಾಯಕನಹಳ್ಳಿ ಸೀಮೆಯ ಕರಿಯ ಕಲ್ಲೂ ಬಾವಿಯ ನೇರಳೆಯುಪ್ಪೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಅರಸುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥವು ರೈಸ್ ಮಹಾಶಯರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವೆಂಬುದು ವಿದ್ವಾಂಸರಿಗೆ ತಿಳಿದ ವಿಷಯವಷ್ಟೆ. ಕನ್ನಡನಾಡಿನ ಶಾಸನಗಳಲ್ಲಿ ನೀರಿನ ಕಾರ್ಯವು ದೇವಾಲಯದ ಕಾರ್ಯಕ್ಕೆ ಸಮನಾದ ಗೌರವವನ್ನು ಪಡೆದಿದೆ. ಕೆರೆಯನ್ನು ಕಟ್ಟಿಸಿದವನ ಹೆಸರು, ಬಾವಿಯನ್ನು ತೋಡಿಸಿದವನ ಹೆಸರು, ಅದಕ್ಕಾಗಿ ಬಿಟ್ಟ ಭೂಮಿ, ಆ ಧರ್ಮವನ್ನು ಅಳಿದವನಿಗೆ ಒದಗುವ ಪಾಪ, ಇವೆಲ್ಲವೂ ಕಲ್ಲಿನ ಮೇಲೆ ಮೂಡಿವೆ. ಊರಿನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ತುರುವೇಕೆರೆಯ ಸುತ್ತಣ ಸೀಮೆಗೆ ಇದು ತಕ್ಕುದೇ ಆಗಿದೆ. ಆದರೆ ನೀರನ್ನು ಕೊಟ್ಟವರ ಚರಿತ್ರೆಯು ಉಳಿದಂತೆ, ಕೊಟ್ಟ ನೀರನ್ನು ಕುಡಿಯಲು ಯೋಗ್ಯವಾಗುವಂತೆ ಕಾಯ್ದವರ ಚರಿತ್ರೆಯು ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಿಂದೂದೇಶದ ಹಳ್ಳಿಯ ಬಾವಿಗಳಿಗೆ ಸುರಿದ ಒಂದು ಉಪ್ಪಿನ ವೃತ್ತಾಂತವನ್ನು, ಆ ಉಪ್ಪಿನ ಮೂಲದ್ರವ್ಯವೇ ಭೂಗರ್ಭದಲ್ಲಿ ಹುದುಗಿರುವ ಈ ತೆಂಗಿನ ಸೀಮೆಯ ಕಡೆಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ. ಆ ಉಪ್ಪು ಪೊಟ್ಯಾಸಿಯಂ ಪರ್ಮಾಂಗನೇಟ್.

ಮೊದಲು ಕಲ್ಲಿನ ಮಾತು. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಭೂಗರ್ಭ ಇಲಾಖೆಯು ಏರ್ಪಟ್ಟಾಗ ಅದರ ಪ್ರಥಮ ಮುಖ್ಯಾಧಿಕಾರಿಯಾದ ರಾಬರ್ಟ್ ಬ್ರೂಸ್ ಫುಟ್ ಎಂಬುವರು ಅದಕ್ಕೆ ಮುಂಚೆಯೇ ಈ ಪ್ರಾಂತ್ಯವನ್ನು ಸುತ್ತಿದ್ದರು. ಧಾರವಾಡ ಶಿಲಾಸಮೂಹವೆಂಬ ಹೆಸರನ್ನು ರೂಢಿಗೆ ತಂದವರು ಇವರೇ. ಆ ಸಮೂಹದ ಉದ್ದನೆಯ ಪಟ್ಟಿಗಳಲ್ಲಿ ಒಂದಕ್ಕೆ ಅವರು ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿಯೆಂದು ಹೆಸರಿಟ್ಟರು. ಗದಗಿನ ಬಳಿಯ ಡಂಬಳವೆಲ್ಲಿ, ಹಾಗಲವಾಡಿಯ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರಿನ ಊರೆಲ್ಲಿ! ಎರಡು ಊರುಗಳನ್ನೂ ಒಂದೇ ಹೆಸರಿನಲ್ಲಿ ಪೋಣಿಸಿದ್ದು ಅರಸರಲ್ಲ, ಶಿಲೆ. ಈ ಪಟ್ಟಿಯ ದಕ್ಷಿಣಭಾಗದಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ, ಕಬ್ಬಿಣದ ಅದುರಿನೊಡನೆ ಮ್ಯಾಂಗನೀಸಿನ ಅದುರೂ ದೊರೆಯುತ್ತದೆ. ಫರ್ಮರ್ ಎಂಬ ವಿದ್ವಾಂಸರು ೧೯೦೯ರಲ್ಲಿ ಹೊರತಂದ ಹಿಂದೂದೇಶದ ಮ್ಯಾಂಗನೀಸ್ ನಿಕ್ಷೇಪಗಳ ಬೃಹದ್ಗ್ರಂಥವು ಮೈಸೂರು ಸಂಸ್ಥಾನದ ಅದುರನ್ನೂ ವರ್ಣಿಸುತ್ತದೆ.

ಈ ಅದುರಿನ ಒಂದು ಬಗೆಗೆ ಪೈರೊಲ್ಯೂಸೈಟ್ ಎಂದು ಹೆಸರು. ಇದು ಮ್ಯಾಂಗನೀಸ್ ಲೋಹವೂ ಆಮ್ಲಜನಕವೂ ಕೂಡಿ ಆದ ಕರಿಯ ವಸ್ತು. ಮೆತುವಾದದ್ದು, ಮುಟ್ಟಿದ ಬೆರಳಿಗೆ ಮಸಿಯಂತೆ ಹತ್ತುತ್ತದೆ. ಆ ಗ್ರೀಕ್ ಹೆಸರಿಗೆ ಬೆಂಕಿಯಿಂದ ತೊಳೆಯುವುದು ಎಂದರ್ಥ. ಕರಗಿದ ಗಾಜಿನಲ್ಲಿ ಇದನ್ನು ಸ್ವಲ್ಪ ಬೆರಸಿದರೆ ಗಾಜಿನ ಹಸುರು ಛಾಯೆಯು ಅಳಿಯುವುದರಿಂದ ಆ ಹೆಸರು ಬಂದಿತು. ಅಗೆದ ಮ್ಯಾಂಗನೀಸಿನಲ್ಲಿ ಬಹುಭಾಗವು ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ. ರಾಸಾಯನಿಕ ವಸ್ತುಗಳಿಗೆ ಹೋಗುವುದು ಅಲ್ಪಭಾಗ. ಗಣಿಯ ಧೂಳು ತೋಟಗಳ ಮೇಲೆ ಕೂರುವುದು, ಲಾರಿಗಳ ಹಾವಳಿ, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ತರುವಾಯ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳನ್ನೂ ನಿಲ್ಲಿಸಿದ್ದು, ಇವು ಬೇರೊಂದು ಲೇಖನಕ್ಕೆ ವಸ್ತು; ಇಲ್ಲಿ ಬೆಳೆಸುವುದಿಲ್ಲ.

ಈ ಕರಿಯ ಕಲ್ಲು ನೇರಳೆಯ ಹರಳಾಗುವ ಬಗೆಯು ಸ್ವಾರಸ್ಯವಾದುದು. ಕಲ್ಲನ್ನು ಪುಡಿಮಾಡಿ, ಪೊಟ್ಯಾಷ್ ಎಂಬ ಕ್ಷಾರದೊಡನೆ ಬೆರಸಿ, ಗಾಳಿಯಾಡುವಂತೆ ಹುರಿದರೆ ಹಸುರುಬಣ್ಣದ ಒಂದು ವಸ್ತುವು ಹುಟ್ಟುತ್ತದೆ. ಅದನ್ನು ನೀರಿನಲ್ಲಿ ಕದಡಿ ಬಿಟ್ಟರೆ ಹಸುರು ನೀಲಿಯಾಗಿ, ನೀಲಿ ನೇರಳೆಯಾಗಿ ತಿರುಗುತ್ತದೆ. ಜರ್ಮನಿಯ ಗ್ಲೌಬರನು ೧೬೫೯ರಲ್ಲಿಯೇ ಇದನ್ನು ಕಂಡಿದ್ದನು. ಬಣ್ಣ ಬದಲಿಸುವ ಈ ಗುಣದಿಂದ ಹಳೆಯ ರಸಾಯನಜ್ಞರು ಇದನ್ನು ಖನಿಜದ ಊಸರವಳ್ಳಿಯೆಂದು ಕರೆದರು. ಈಗಿನ ಕಾರ್ಖಾನೆಗಳಲ್ಲಿ ಹಸುರಿನಿಂದ ನೇರಳೆಗೆ ಒಯ್ಯುವ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ಪೊಟ್ಯಾಷ್ ಎಂಬ ಮಾತಾದರೋ ಗಡಿಗೆಯ ಬೂದಿ ಎಂಬ ಅರ್ಥದ್ದು. ಗಿಡಮರಗಳ ಬೂದಿಯನ್ನು ಗಡಿಗೆಯಲ್ಲಿ ನೆನೆಹಾಕಿ ತೆಗೆಯುತ್ತಿದ್ದ ಕ್ಷಾರವಿದು. ತೆಂಗಿನಕಾಯಿಯ ಸಿಪ್ಪೆಯ ಬೂದಿಯಲ್ಲಿ ಈ ಕ್ಷಾರವು ಹೇರಳವಾಗಿದೆಯೆಂಬುದು ಕೃಷಿಶಾಸ್ತ್ರವನ್ನು ಬಲ್ಲವರಿಗೆ ಗೊತ್ತು. ಹೀಗೆ ಈ ಲವಣದ ಎರಡು ಅಂಗಗಳಲ್ಲಿ ಒಂದು ಚಿಕ್ಕನಾಯಕನಹಳ್ಳಿಯ ಗುಡ್ಡದಲ್ಲಿಯೂ ಇನ್ನೊಂದು ತಿಪಟೂರಿನ ತೋಟದಲ್ಲಿಯೂ ಇವೆ. ಅವನ್ನು ಕೂಡಿಸುವ ವಿದ್ಯೆ ಮಾತ್ರ ಹೊರಗಿನಿಂದ ಬಂದಿತು. ಲಂಡನ್ನಿನ ಕಾಂಡಿ ಎಂಬ ವರ್ತಕನು ೧೮೫೦ರ ದಶಕದಲ್ಲಿ ಇದರ ದ್ರಾವಣವನ್ನು ದುರ್ಗಂಧನಾಶಕವೆಂದು ಮಾರಲು ತೊಡಗಿದ ಮೇಲೆ ಇದು ಪ್ರಯೋಗಶಾಲೆಯನ್ನು ಬಿಟ್ಟು ಮನೆಗಳಿಗೆ ಇಳಿಯಿತು.

ಇದರ ಸ್ವಭಾವವೇನು? ಒಂದು ವಾಕ್ಯದಲ್ಲಿ ಹೇಳುವುದಾದರೆ, ಈ ಉಪ್ಪು ತನ್ನಲ್ಲಿ ಆಮ್ಲಜನಕವನ್ನು ಕಟ್ಟಿಟ್ಟುಕೊಂಡಿದೆ, ಮತ್ತು ಅದನ್ನು ಬಿಟ್ಟುಕೊಡಲು ಸದಾ ಸಿದ್ಧವಾಗಿದೆ. ಸುಮಾರು ೨೪೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ತಾನೇ ಒಡೆದು ಆ ವಾಯುವನ್ನು ಹೊರಗೆಡಹುತ್ತದೆ. ನೀರಿನಲ್ಲಿ ಕರಗಿರುವಾಗ ಕೊಳೆತ ಎಲೆ, ಸಗಣಿಯ ಕಣ, ಕ್ರಿಮಿ, ಬಟ್ಟೆ, ಮನುಷ್ಯನ ಚರ್ಮ, ಯಾವುದು ಸೋಕಿದರೆ ಅದಕ್ಕೆ ಕೊಡುತ್ತದೆ. ಕೊಟ್ಟ ಮೇಲೆ ಅದರ ನೇರಳೆಬಣ್ಣವು ಹೋಗಿ ಕಂದುಬಣ್ಣದ ಗಸಿಯೊಂದು ತಳಕ್ಕೆ ಇಳಿಯುತ್ತದೆ. ಈ ಗಸಿಯು ಮತ್ತೇನೂ ಅಲ್ಲ. ಗುಡ್ಡದಲ್ಲಿದ್ದ ಆ ಮ್ಯಾಂಗನೀಸಿನ ಕಲ್ಲೇ ನಯವಾದ ಪುಡಿಯಾಗಿ ಹಿಂದಿರುಗಿರುವುದು. ಕೈಬೆರಳಿಗೂ ಪಾತ್ರೆಗೂ ಹತ್ತುವ ಕಂದುಕಲೆಯೂ ಅದೇ. ನಮ್ಮ ವಾಚಕರಿಗೆ ಪರಿಚಿತವಾದ ಪೆಟ್ಲುಪ್ಪು ಇದೇ ಕುಲಕ್ಕೆ ಸೇರಿದುದು: ಕೋವಿಯ ಮದ್ದಿನಲ್ಲಿ ಇದ್ದಿಲಿಗೂ ಗಂಧಕಕ್ಕೂ ಗಾಳಿಯ ಹಂಗಿಲ್ಲದೆ ಉರಿಯುವ ಶಕ್ತಿಯನ್ನು ಕೊಡುವುದು ಅದರಲ್ಲಡಗಿದ ಆಮ್ಲಜನಕವೇ.

ಇನ್ನು ಬಾವಿಯ ಪ್ರಸ್ತಾವಕ್ಕೆ ಬರೋಣ. ವಾಂತಿಭೇದಿಯು ನೀರಿನ ಮೂಲಕ ಹರಡುವುದೆಂಬ ಶಂಕೆ ಮೊದಲೇ ಇದ್ದಿತಾದರೂ, ರೋಗದ ಕ್ರಿಮಿಯನ್ನು ೧೮೮೪ರಲ್ಲಿ ಕಲ್ಕತ್ತೆಯ ಒಂದು ಕೊಳದ ನೀರಿನಲ್ಲಿ ಕಂಡು ತೋರಿಸಿದವನು ಜರ್ಮನಿಯ ಕಾಖ್. ಅದಾದ ಮೇಲೆ ಪ್ರಶ್ನೆಯು ಸ್ಪಷ್ಟವಾಯಿತು: ಲಕ್ಷಾಂತರ ಬಾವಿಗಳಿರುವ ದೇಶದಲ್ಲಿ, ಕೊಳಾಯಿಯಿಲ್ಲದ ಊರಿನಲ್ಲಿ, ಕುದಿಸಲು ಸೌದೆಗೂ ಪರದಾಡುವ ಮನೆಯಲ್ಲಿ, ನೀರನ್ನು ನಿರ್ವಿಷಮಾಡುವುದು ಹೇಗೆ? ಆಗ್ರಾದಲ್ಲಿ ಸರ್ಕಾರದ ರಸಾಯನ ಪರೀಕ್ಷಕರಾಗಿದ್ದ ಹ್ಯಾಂಕಿನ್ ಎಂಬುವರು ೧೮೯೦ರ ದಶಕದಲ್ಲಿ ಇದಕ್ಕೆ ಪರ್ಮಾಂಗನೇಟನ್ನು ಸೂಚಿಸಿದರು. ಗಂಗಾ ಯಮುನೆಗಳ ನೀರು ಈ ಕ್ರಿಮಿಯನ್ನು ಕೊಲ್ಲುವುದೆಂದು ೧೮೯೬ರಲ್ಲಿ ಪ್ಯಾರಿಸಿನ ಪತ್ರಿಕೆಯಲ್ಲಿ ಬರೆದು ಹೆಸರುವಾಸಿಯಾದವರೂ ಇವರೇ. ಹಿಂದಿಯ ಸೀಮೆಯಲ್ಲಿ ಈ ಉಪ್ಪಿಗೆ ಲಾಲ್ ದವಾ, ಎಂದರೆ ಕೆಂಪು ಔಷಧವೆಂದು ಹೆಸರು ಬಿದ್ದಿತು.

ವಿಧಾನವು ಬಹು ಸರಳವಾಗಿದ್ದಿತು. ಹರಳುಗಳನ್ನು ಒಂದು ಬಕೀಟಿನಲ್ಲಿ ಹಾಕಿ, ನೀರು ತುಂಬಿ ಕದಡಿ, ಕರಗಿದ ಭಾಗವನ್ನು ಬಾವಿಗೆ ಸುರಿಯುವುದು. ತಳದಲ್ಲಿ ಉಳಿದ ಹರಳಿಗೆ ಮತ್ತೆ ನೀರು ಸೇದಿ ಕದಡುವುದು. ಕೊನೆಗೆ ಬಕೀಟನ್ನು ಬಾವಿಯೊಳಗೆ ಮೇಲಕ್ಕೂ ಕೆಳಕ್ಕೂ ಆಡಿಸಿ ನೀರನ್ನೆಲ್ಲ ಬೆರಸುವುದು. ಇದನ್ನು ಸಂಜೆಯ ಹೊತ್ತು ಮಾಡಿ ರಾತ್ರಿಯೆಲ್ಲ ಬಾವಿಯನ್ನು ಬಿಟ್ಟುಬಿಡಬೇಕು. ಎಷ್ಟು ಹಾಕಬೇಕೆಂಬುದಕ್ಕೆ ತಕ್ಕಡಿಗಿಂತಲೂ ಕಣ್ಣೇ ಪ್ರಮಾಣ. ಬಣ್ಣವು ಬೇಗನೆ ಮಾಸಿ ಕಂದಾದರೆ ನೀರಿನ ಕಲ್ಮಷವು ಉಪ್ಪನ್ನೆಲ್ಲ ತಿಂದುಹಾಕಿತೆಂದು ತಿಳಿದು ಇನ್ನಷ್ಟು ಹಾಕಬೇಕು. ಗಂಟೆಗಳು ಕಳೆದರೂ ತಿಳಿಗೆಂಪು ನಿಂತರೆ ಸಾಕಾಯಿತೆಂದು ಅರ್ಥ. ಔಷಧವೇ ತನ್ನ ಕೆಲಸಕ್ಕೆ ಸಾಕ್ಷಿಯನ್ನೂ ಹೇಳುವಂಥ ಇಂಥ ಏರ್ಪಾಡು ಆರೋಗ್ಯಶಾಸ್ತ್ರದಲ್ಲಿ ವಿರಳ. ಅಕ್ಷರವಿಲ್ಲದವನೂ ಈ ಸಾಕ್ಷಿಯನ್ನು ಓದಬಲ್ಲನು. ಈ ಉಪ್ಪು ಹಳ್ಳಿಗಾಡಿನಲ್ಲಿ ಅಷ್ಟು ಬೇಗ ಹಬ್ಬಲು ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ತೆಂಗಿನ ಸೀಮೆಯ ಸಂದರ್ಭವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರಕ್ಕೆ ರೈಲುದಾರಿಯು ೧೮೮೯ರ ಹೊತ್ತಿಗೆ ಮುಗಿದು, ಕೊಬ್ಬರಿಯ ವ್ಯಾಪಾರಕ್ಕೆ ದೂರದ ಪೇಟೆಗಳ ಬಾಗಿಲು ತೆರೆಯಿತು. ಜನಸಂಚಾರವು ಹೆಚ್ಚಿದಲ್ಲಿ ಸಾಂಕ್ರಾಮಿಕದ ಸಂಚಾರವೂ ಹೆಚ್ಚುವುದು ಸಹಜ. ಜಾತ್ರೆ ಸಂತೆಗಳ ತರುವಾಯ ವಾಂತಿಭೇದಿಯು ಕಾಣಿಸಿಕೊಳ್ಳುವುದೆಂಬುದು ಆ ಕಾಲದ ವೈದ್ಯರೆಲ್ಲರ ಅನುಭವ. ತೋಟದ ಬಾವಿಯು ಮರಗಳ ನಡುವೆ ಇರುವಂಥದು. ಒಣಗಿದ ಗರಿ, ಹೊಂಬಾಳೆಯ ಚೂರು, ಉದುರಿದ ಹರಳುಗಾಯಿ ಅದರಲ್ಲಿ ಬಿದ್ದು ಕೊಳೆಯುವುವು. ಇಂಥ ಬಾವಿಯಲ್ಲಿ ಉಪ್ಪಿನ ಮೊದಲ ಪಾಲೆಲ್ಲ ಕೊಳೆತ ಎಲೆಗೇ ಸಲ್ಲುತ್ತದೆ, ಕ್ರಿಮಿಗೆ ಉಳಿಯುವುದು ಸ್ವಲ್ಪ. ಮರದ ಮೇಲಿರುವ ಎಳನೀರಾದರೋ ಒಡೆಯುವ ತನಕ ಯಾವ ಕ್ರಿಮಿಯೂ ಹೊಗದ ಪಾತ್ರೆ. ರೋಗದ ಊರಿನಲ್ಲಿ ಬಾವಿಯ ನೀರಿಗಿಂತ ಅದೇ ಲೇಸಾಗಿದ್ದಿತು. ಆದರೆ ಊರಿಗೆಲ್ಲ ಎಳನೀರು ಕುಡಿಸುವುದು ಹೇಗೆ?

ಉಪ್ಪಿಗೆ ಆಯ್ದು ಕೊಡುವ ವಿವೇಕವಿಲ್ಲವೆಂಬ ಈ ಅಂಶದಿಂದಲೇ ಅದರ ಪ್ರತಿಷ್ಠೆಯು ಕ್ರಮೇಣ ತಗ್ಗಿತು. ವಾಂತಿಭೇದಿಯ ಕ್ರಿಮಿಯು ಸುಕುಮಾರವಾದುದು, ಈ ಉಪ್ಪಿಗೆ ಬೇಗ ಬಲಿಯಾಗುತ್ತದೆ. ವಿಷಮಜ್ವರದ ಕ್ರಿಮಿಯು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾರಕ್ಸ್ ಎಂಬ ಸೇನಾವೈದ್ಯರು ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂದು ಅಳೆಯುವ ಸುಲಭ ಪರೀಕ್ಷೆಯನ್ನು ಬಳಕೆಗೆ ತಂದರು. ಆಮೇಲೆ ಬಾವಿಗಳಲ್ಲಿಯೂ ಆ ಬಿಳಿಯ ಪುಡಿಯು ನೇರಳೆಯ ಹರಳಿನ ಸ್ಥಾನವನ್ನು ಆಕ್ರಮಿಸಿತು. ಹೊಸದು ಹೆಚ್ಚು ಸಮರ್ಥವೆಂಬುದರಲ್ಲಿ ಸಂದೇಹವಿಲ್ಲ. ಬಣ್ಣದ ಸಾಕ್ಷ್ಯವನ್ನು ಮಾತ್ರ ಅದು ಕೊಡದು.

ಇದೇ ಬಗೆಯ ಇನ್ನೊಂದು ಪ್ರಯೋಗವು ಇದಕ್ಕಿಂತಲೂ ವಿಷಾದಕರವಾದುದು. ಹಾವಿನ ವಿಷವನ್ನು ಗಾಜಿನ ನಳಿಕೆಯಲ್ಲಿ ಪರ್ಮಾಂಗನೇಟಿನೊಡನೆ ಬೆರಸಿದರೆ ವಿಷವು ನಿರ್ವೀರ್ಯವಾಗುತ್ತದೆ. ಬ್ರೆಜಿಲಿನ ಲಾಸೆರ್ದ ಎಂಬುವನು ೧೮೮೧ರಲ್ಲಿ ಇದನ್ನು ಚಿಕಿತ್ಸೆಯಾಗಿ ಸಾರಿದನು. ೧೯೦೪ರಲ್ಲಿ ಲಾಡರ್ ಬ್ರಂಟನ್, ಫೇರರ್, ಲಿಯೊನಾರ್ಡ್ ರಾಜರ್ಸ್ ಎಂಬ ಮೂವರು ಗಣ್ಯವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದೇ ಮತವನ್ನು ಮಂಡಿಸಿದರು. ಒಂದು ಕೊನೆಯಲ್ಲಿ ಚಿಕ್ಕ ಅಲಗು, ಇನ್ನೊಂದು ಕೊನೆಯ ಟೊಳ್ಳಿನಲ್ಲಿ ಪರ್ಮಾಂಗನೇಟಿನ ಹರಳು ಇರುವ ಮರದ ಹಿಡಿಯ ಉಪಕರಣವೊಂದು ಬ್ರಂಟನ್ನರ ಹೆಸರಿನಿಂದ ಹಿಂದೂದೇಶದಲ್ಲಿ ಹಂಚಲ್ಪಟ್ಟಿತು. ಕಚ್ಚಿದ ಜಾಗವನ್ನು ಸೀಳಿ ಹರಳನ್ನು ತಿಕ್ಕುವುದು ಕ್ರಮ. ಸಿಪ್ಪೆಯ ರಾಶಿಯಲ್ಲಿ ಇಲಿಯನ್ನು ಅರಸಿ ಹಾವು ಬಂದು ಸೇರುವ ತೋಟದ ನಾಡಿನಲ್ಲಿ ಇಂಥ ಭರವಸೆಯ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಆದರೆ ನಳಿಕೆಯಲ್ಲಿ ನಿಜವಾದುದು ಮಾಂಸದಲ್ಲಿ ನಿಜವಾಗಲಿಲ್ಲ. ಬಾವಿಯಲ್ಲಿ ಕೊಳೆತ ಎಲೆಗೆ ಸಂದಂತೆ ಇಲ್ಲಿ ಉಪ್ಪಿನ ಶಕ್ತಿಯೆಲ್ಲ ರೋಗಿಯ ಮಾಂಸವನ್ನು ಸುಡುವುದಕ್ಕೇ ಸಂದಿತು. ಅಷ್ಟರಲ್ಲಿ ವಿಷವು ದೇಹವನ್ನೇರಿರುತ್ತಿದ್ದಿತು. ಈ ಚಿಕಿತ್ಸೆಯು ನಿಷ್ಫಲವೂ ಅಪಾಯಕರವೂ ಆದುದೆಂದು ವೈದ್ಯಶಾಸ್ತ್ರವು ಇದನ್ನು ಕೈಬಿಟ್ಟಿದೆ. ಪ್ರತಿವಿಷದ ಸೂಜಿಮದ್ದೊಂದೇ ಹಾವಿನ ವಿಷಕ್ಕೆ ಉಪಾಯ. ಹಳೆಯ ಮನೆವೈದ್ಯದ ಪುಸ್ತಕಗಳಲ್ಲಿ ಹರಳು ತಿಕ್ಕುವ ಉಪದೇಶವನ್ನು ಕಂಡವರು ಅದನ್ನು ಚರಿತ್ರೆಯೆಂದು ಓದಬೇಕೇ ಹೊರತು ಚಿಕಿತ್ಸೆಯೆಂದು ಓದಬಾರದು.

ಈಗ ಬೆಂಕಿಯ ವಿಷಯ. ತಿಪಟೂರಿನ ಉಂಡೆಕೊಬ್ಬರಿಯನ್ನು ತಯಾರಿಸುವ ಕ್ರಮವು ಇತರ ತೆಂಗಿನ ನಾಡುಗಳಿಗಿಂತ ಭಿನ್ನವೆಂದು ಬಲ್ಲವರು ಬಲ್ಲರು. ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೆಡೆ ವರ್ಷದ ತನಕ ಇಡುತ್ತಾರೆ. ಒಳಗಿನ ನೀರು ಹೀರಿ, ತಿರುಳು ಕರಟದಿಂದ ಬಿಟ್ಟು ಗುಂಡಾಗಿ ಒಣಗುತ್ತದೆ. ಆದುದರಿಂದ ಇಲ್ಲಿಯ ತೋಟದ ಮನೆಯೆಂದರೆ ಮೇಲೆ ಒಣಸಿಪ್ಪೆಯ ಕಾಯಿ, ಪಕ್ಕದಲ್ಲಿ ನಾರು, ಹಿತ್ತಿಲಲ್ಲಿ ಕರಟದ ರಾಶಿ, ಒಳಗೆ ಎಣ್ಣೆ. ಉರಿಯುವ ವಸ್ತುಗಳ ನಡುವೆ ಬಾಳುವ ಇಂಥ ಮನೆಯಲ್ಲಿ ‘ಬಾವಿಯ ಔಷಧಿ’ಯೆಂದು ಒಂದು ಪೊಟ್ಟಣವನ್ನು ಗೂಡಿನಲ್ಲಿಟ್ಟರೆ ಏನಾದೀತು?

ಒಂಟಿಯಾಗಿ ಅದು ಉರಿಯದು. ಕೊಬ್ಬರಿಯೆಣ್ಣೆಯು ಸೋಕಿದ ಮಾತ್ರಕ್ಕೆ ಥಟ್ಟನೆ ಜ್ವಾಲೆಯೂ ಏಳದು. ಆದರೆ ಅದೇ ಎಣ್ಣೆಯನ್ನು ಸಾಬೂನುಮಾಡುವಾಗ ಬೇರ್ಪಡುವ ಗ್ಲಿಸರೀನ್ ಎಂಬ ಸಿಹಿಯಾದ ಮಂದದ್ರವವನ್ನು ಈ ಹರಳಿನ ಪುಡಿಯ ಮೇಲೆ ನಾಲ್ಕು ತೊಟ್ಟು ಬಿಟ್ಟರೆ, ಕಡ್ಡಿ ಗೀರದೆಯೇ, ಕೆಲವು ಕ್ಷಣಗಳ ಮೌನದ ಬಳಿಕ, ಹೊಗೆಯೆದ್ದು ನೇರಳೆಯ ಛಾಯೆಯ ಜ್ವಾಲೆಯು ಭಗ್ಗೆನ್ನುತ್ತದೆ. ಆ ಮೌನವೇ ಇದರ ಮೋಸ. ಏನೂ ಆಗಲಿಲ್ಲವೆಂದು ಬಗ್ಗಿ ನೋಡುವವನ ಮುಖಕ್ಕೇ ಉರಿಯು ತಗಲುವುದು. ಗ್ಲಿಸರೀನು ಕೈಕಾಲು ಒಡೆದುದಕ್ಕೆ ಹಚ್ಚುವ ಸಾಮಾನ್ಯ ಪದಾರ್ಥವಾಗಿ, ಔಷಧದ ಗೂಡಿನಲ್ಲಿಯೇ ಇರುವಂಥದು. ಎರಡನ್ನೂ ಒಂದೆಡೆ ಇಡುವುದು ಹೇಗೆ ಎಂದಿಗೂ ಸಲ್ಲದೆಂಬುದು ಇದರಿಂದ ತಿಳಿಯುತ್ತದೆ. ಇಲ್ಲೊಂದು ಕಾಕತಾಳೀಯವನ್ನು ಹೇಳದಿರಲಾರೆ. ೧೭೭೪ರಲ್ಲಿ ಮ್ಯಾಂಗನೀಸಿನ ಕರಿಯ ಕಲ್ಲನ್ನು ಶೋಧಿಸಿ ಅದರ ಗುಣಗಳನ್ನು ಬಯಲಿಗೆ ತಂದವನೂ, ೧೭೭೯ರಲ್ಲಿ ಎಣ್ಣೆಯಿಂದ ಗ್ಲಿಸರೀನನ್ನು ಮೊದಲು ಬೇರ್ಪಡಿಸಿದವನೂ ಒಬ್ಬನೇ: ಸ್ವೀಡನ್ನಿನ ಔಷಧವ್ಯಾಪಾರಿ ಷೀಲೆ.

ಗಂಧಕ, ಸಕ್ಕರೆ, ಇದ್ದಿಲ ಪುಡಿ, ತೆಂಗಿನ ನಾರಿನ ಹೊಟ್ಟು ಇವುಗಳೊಡನೆ ಒಣಗಿದ ಹರಳನ್ನು ಅರೆಯುವುದೂ ತಿಕ್ಕುವುದೂ ಬೆಂಕಿಯನ್ನು ಕರೆದಂತೆಯೇ. ಬಲವಾದ ಗಂಧಕಾಮ್ಲವು ಇದಕ್ಕೆ ಬಿದ್ದರೆ ಹಸುರುಗಪ್ಪಿನ ಎಣ್ಣೆಯಂಥ ವಸ್ತುವೊಂದು ಹುಟ್ಟಿ ಸಿಡಿಯುತ್ತದೆ. ಶಾಲೆಯ ಪ್ರಯೋಗಶಾಲೆಗಳಲ್ಲಿ ಉಪಾಧ್ಯಾಯರು ಮುಖ್ಯವಾಗಿ ಎಚ್ಚರಿಸಬೇಕಾದದ್ದು ಇದನ್ನು. ಬಚ್ಚಲು ತೊಳೆಯುವ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಸೇರಿದರೆ ಉಸಿರು ಕಟ್ಟಿಸುವ ಕ್ಲೋರೀನ್ ಅನಿಲವು ಹೊರಡುತ್ತದೆ. ಇವುಗಳಿಂದೆದ್ದ ಬೆಂಕಿಯನ್ನು ಮಣ್ಣು ಕಂಬಳಿಗಳಿಂದ ಮುಚ್ಚಿ ಆರಿಸುವ ವಾಡಿಕೆಯು ಇಲ್ಲಿ ನಡೆಯದು. ಮುಚ್ಚುವುದರಿಂದ ಹೊರಗಿನ ಗಾಳಿಯು ತಪ್ಪಬಹುದು. ಉಪ್ಪು ತನ್ನ ಒಡಲಿನಿಂದಲೇ ಉರಿಗೆ ಉಸಿರನ್ನು ಕೊಡುತ್ತಿರುವಾಗ ಅದು ತಪ್ಪುವುದು ಹೇಗೆ? ದೂರದಿಂದ ನೀರನ್ನು ಧಾರಾಳವಾಗಿ ಸುರಿಯುವುದೇ ಸರಿಯಾದ ಕ್ರಮ. ಹತ್ತು ಸಾವಿರ ಪಾಲು ನೀರಿಗೆ ಒಂದು ಪಾಲಿನಂತೆ ಕರಗಿಸಿದಾಗ ಹುಣ್ಣು ತೊಳೆಯಲು ವೈದ್ಯರು ಬಳಸುವ ಈ ಉಪ್ಪಿನ ಹರಳನ್ನೇ ನುಂಗಿದರೆ ಬಾಯಿ ಗಂಟಲುಗಳು ಸುಟ್ಟು ಊದಿಕೊಳ್ಳುತ್ತವೆ. ಸುಮಾರು ಹತ್ತು ಗ್ರಾಂ ಪ್ರಾಪ್ತವಯಸ್ಕನಿಗೂ ಮಾರಕ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರಿನಿಂದ ತೊಳೆದು ಕೂಡಲೆ ವೈದ್ಯರಲ್ಲಿಗೆ ಹೋಗಬೇಕು.

ಬಾವಿಯ ರಕ್ಷಕವೂ ಮನೆಯ ಅಪಾಯವೂ ಎರಡು ಬೇರೆ ಗುಣಗಳಲ್ಲವೆಂಬುದು ಇಷ್ಟರಿಂದ ವಿಶದವಾಗಿರಬೇಕು. ಕ್ರಿಮಿಯನ್ನು ಸುಟ್ಟದ್ದೂ ಅಟ್ಟವನ್ನು ಸುಡಬಲ್ಲದ್ದೂ ಒಂದೇ ಆಮ್ಲಜನಕ. ಹೀಗಿದ್ದರೂ ನಮ್ಮ ಭಾಷೆಯಲ್ಲಿ ಈ ಏಕತೆಯು ಕಾಣುವುದಿಲ್ಲ, ಮತ್ತು ಈ ಪತ್ರಿಕೆಯ ವಾಚಕರ ಮುಂದೆ ಈ ವಿಷಯವನ್ನು ತರಲು ಅದೂ ಒಂದು ಕಾರಣ. ಹಳ್ಳಿಯಲ್ಲಿ ‘ಬಾವಿಗೆ ಔಷಧಿ ಹಾಕಿದರು’ ಎನ್ನುತ್ತಾರೆ. ಔಷಧಿಯೆಂದೊಡನೆ ನಂಬಿಕೆಯು ಹುಟ್ಟುತ್ತದೆ, ಭಯವು ಹೋಗುತ್ತದೆ. ಪಠ್ಯಪುಸ್ತಕವು ‘ಪ್ರಬಲ ಉತ್ಕರ್ಷಣಕಾರಿ’ ಎನ್ನುತ್ತದೆ. ಉತ್ಕರ್ಷವೆಂದರೆ ಕನ್ನಡಿಗನಿಗೆ ಏಳಿಗೆ, ಹಿರಿಮೆ. ರಸವನ್ನೋ ಗುಣವನ್ನೋ ಕುರಿತು ಅಲಂಕಾರಶಾಸ್ತ್ರದಲ್ಲಿ ಬರುವ ಮಾತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ವಿದ್ಯಾರ್ಥಿಗೆ ಉತ್ಕರ್ಷಣವೆಂಬುದು ಬೆಂಕಿಯ ಮಾತೆಂದು ಹೊಳೆಯುವುದುಂಟೇ?

ಆಮ್ಲಜನಕವೆಂಬ ಪದವೂ ಇಂಥದೇ. ಆಮ್ಲಗಳೆಲ್ಲಕ್ಕೂ ಈ ವಾಯುವೇ ಮೂಲವೆಂದು ಫ್ರಾನ್ಸಿನ ಲವಾಸಿಯೆಯು ಭ್ರಮಿಸಿ ಇಟ್ಟ ಹೆಸರನ್ನು ನಾವು ಅಕ್ಷರಶಃ ಅನುವಾದಿಸಿಕೊಂಡೆವು. ಈ ವಾಯುವಿನ ಲೇಶವೂ ಇಲ್ಲದ ಆಮ್ಲವುಂಟೆಂದು ಇಂಗ್ಲೆಂಡಿನ ಡೇವಿಯು ೧೮೧೦ರಲ್ಲಿಯೇ ತೋರಿಸಿದ್ದನು, ಹೆಸರು ಉಳಿಯಿತು. ಷೀಲೆಯು ಮ್ಯಾಂಗನೀಸಿನ ಕಲ್ಲನ್ನು ಗಂಧಕಾಮ್ಲದೊಡನೆ ಕಾಯಿಸಿ ಇದೇ ವಾಯುವನ್ನು ಪಡೆದಾಗ ಇಟ್ಟ ಹೆಸರು ಬೇರೆ: ಅವನು ಅದನ್ನು ಉರಿಗಾಳಿಯೆಂದು ಕರೆದಿದ್ದನು. ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲು ತೊಡಗಿದ ಕಾಲದಿಂದಲೂ ಪರಿಭಾಷೆಯ ಚರ್ಚೆಯು ನಡೆದೇ ಇದೆ. ಆಮ್ಲಜನಕವು ರೂಢಿಯಲ್ಲಿ ಬೇರುಬಿಟ್ಟಿದೆ. ಅದನ್ನು ಕೀಳುವುದು ನನ್ನ ಸೂಚನೆಯಲ್ಲ. ಈಗ ಈ ಉಪ್ಪಿನ ಡಬ್ಬಿಗಳ ಮೇಲೆ ಅಂತಾರಾಷ್ಟ್ರೀಯ ಸಂಕೇತದಂತೆ ವೃತ್ತದ ಮೇಲೆ ಉರಿಯುವ ಜ್ವಾಲೆಯ ಚಿತ್ರವನ್ನು ಮುದ್ರಿಸುತ್ತಾರೆ. ಚಿತ್ರವು ಹೇಳುವುದನ್ನು ನಮ್ಮ ಪದವು ಹೇಳುತ್ತಿಲ್ಲ. ಪಾರಿಭಾಷಿಕ ಪದಕೋಶಗಳನ್ನು ಮುಂದೆ ಪರಿಷ್ಕರಿಸುವವರು ‘ಉತ್ಕರ್ಷಣಕಾರಿ’ಯ ಪಕ್ಕದಲ್ಲಿ ‘ದಹನಪೋಷಕ’ವೆಂಬ ಪದವನ್ನೂ, ಅದರ ಕೆಳಗೆ ‘ಉರಿಗಾಳಿಯನ್ನು ಬಿಟ್ಟುಕೊಡುವ ವಸ್ತು, ಎಣ್ಣೆ, ನಾರು, ಆಮ್ಲಗಳಿಂದ ದೂರವಿಡತಕ್ಕದ್ದು’ ಎಂಬ ವಿವರಣೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.